ಸಭೆಯ ಯೋಜನೆ ಸಭೆಯವರಿಗೇ ಗೊತ್ತಿಲ್ಲ ಅಂದರೆ ಹೇಗೆ?

ಮಾನ್ಯ ಸಂಪಾದಕರೇ,

ಹೊಸ ವರ್ಷ ಬಂದರೆ ಸಾಕು, ನಮ್ಮ ಕಡೆ ಎಷ್ಟೋ ಚರ್ಚುಗಳ ಗೇಟಿನ ಮೇಲೆ ಒಂದು ಫ್ಲೆಕ್ಸ್ ಏರುತ್ತದೆ. ವರ್ಷದ ಬೈಬಲ್ ವಚನ, ಬಿಷಪ್ಪರ ಫೋಟೊ, ಸಭಾಪಾಲಕರ (ಪಾಸ್ಟರ್) ಫೋಟೊ, ಕೆಳಗೆ ದೊಡ್ಡ ಅಕ್ಷರದಲ್ಲಿ ‘ನಮ್ಮ ವಿಷನ್’. ಆರಾಧನೆ ಮುಗಿಸಿ ಹೊರಗೆ ಬರುವವರನ್ನು ನಿಲ್ಲಿಸಿ, ಈ ವರ್ಷ ನಮ್ಮ ಸಭೆ, ಅಂದರೆ ನಮ್ಮ ಚರ್ಚಿನ ಸಮುದಾಯ, ಏನು ಮಾಡಬೇಕು ಅಂತಿದೆ ಎಂದು ಕೇಳಿ ನೋಡಿ. ಹೆಚ್ಚಿನವರು ಫ್ಲೆಕ್ಸ್ ಕಡೆ ತಿರುಗಿ ನೋಡುತ್ತಾರೆ.

ಜನರಿಗೆ ಆಸಕ್ತಿಯೇ ಇಲ್ಲ, ಮದುವೆ ಮತ್ತು ಕ್ರಿಸ್‌ಮಸ್‌ಗೆ ಮಾತ್ರ ಬರುತ್ತಾರೆ ಅಂತ ನಾಯಕರು ದೂರುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಎಲ್ಲ ತೀರ್ಮಾನ ಆದ ಮೇಲೆ, ಎಷ್ಟು ಕೊಡಬೇಕು ಅನ್ನುವ ಲೆಕ್ಕದ ಜೊತೆಗೇ ಸುದ್ದಿ ಕಿವಿಗೆ ಬಿದ್ದರೆ ಯಾರಿಗೆ ತಾನೇ ಉತ್ಸಾಹ ಬರುತ್ತದೆ? ನಮ್ಮ ಸಭೆಯಲ್ಲೇ ನಡೆದದ್ದು ಹೇಳುತ್ತೇನೆ. ಒಂದು ಭಾನುವಾರ ಸಭಾಪಾಲಕರ ಪ್ರಸಂಗ (ಉಪದೇಶ) ಮುಗಿದ ಕೂಡಲೇ ಪ್ರೊಜೆಕ್ಟರ್ ಹಚ್ಚಿ ಸಮುದಾಯ ಭವನದ ನಕ್ಷೆ ತೋರಿಸಿದರು. ಸ್ಲೈಡ್ ಎಲ್ಲ ಇಂಗ್ಲಿಷಿನಲ್ಲಿ. ನನ್ನ ಮುಂದಿನ ಬೆಂಚಿನ ಅಜ್ಜಿ ಪಕ್ಕದವಳನ್ನು ‘ಏನಂತವಾ?’ ಅಂತ ಕೇಳಿದರು. ‘ರೊಕ್ಕ ಕೇಳಾಕತ್ತಾರ ಅಜ್ಜಿ’ ಅಂತ ಉತ್ತರ ಬಂತು. ಅಲ್ಲಿಗೆ ಮುಗೀತು. ಬಡವರ ಮದುವೆಗೆ ಕಡಿಮೆ ಬಾಡಿಗೆಗೆ ಕೊಡಬೇಕು, ಸಂಜೆ ಹೊತ್ತು ಮಕ್ಕಳಿಗೆ ಅಲ್ಲೇ ಪಾಠ ಹೇಳಿಸಬೇಕು ಅನ್ನುವುದು ಆ ಭವನದ ಉದ್ದೇಶವಂತೆ. ಅದು ಎಷ್ಟೋ ದಿನದ ಮೇಲೆ ಕಮಿಟಿಯವರೊಬ್ಬರು ಚಹಾ ಕುಡಿಯುವಾಗ ಸುಮ್ನೆ ಮಾತಿಗೆ ಹೇಳಿದ್ದರಿಂದ ನನಗೆ ತಿಳಿಯಿತು. ಇಷ್ಟು ಒಳ್ಳೆಯ ವಿಷಯವನ್ನು ಅಂದು ಯಾಕೆ ಹೇಳಲಿಲ್ಲವೋ!

ಇದಕ್ಕೆ ಹೊರಗಿನಿಂದ ಲೀಡರ್‌ಶಿಪ್ ಸೆಮಿನಾರ್ ತರಬೇಕಾಗಿಲ್ಲ. ಬೈಬಲಿನಲ್ಲಿ ಯೆರೂಸಲೇಮಿನ ಗೋಡೆ ಮತ್ತೆ ಕಟ್ಟಿಸಿದ ನೆಹೆಮೀಯನ ಕಥೆಯೇ ಇದೆ. ಯೆರೂಸಲೇಮಿಗೆ ಬಂದವನು ಮೊದಲು ಯಾರಿಗೂ ಏನೂ ಹೇಳದೆ ರಾತ್ರಿ ಹೊತ್ತು ಕೆಲವೇ ಜನರ ಜೊತೆ ಹೋಗಿ ಬಿದ್ದ ಗೋಡೆ, ಸುಟ್ಟ ಬಾಗಿಲು ಎಲ್ಲ ನೋಡಿಕೊಂಡು ಬಂದ. ಆಮೇಲೆ ಜನರ ಮುಂದೆ, ನಮ್ಮ ಗತಿ ಹೀಗಾಗಿದೆ ನೋಡಿ, ಬನ್ನಿ ಕಟ್ಟೋಣ ಅಂದ. ‘ನಮ್ಮ’ ಗತಿ ಅಂದ, ‘ನಿಮ್ಮ’ ಗತಿ ಅನ್ನಲಿಲ್ಲ. ಎಷ್ಟೋ ಜನರಿಗೆ ಅವರವರ ಮನೆ ಎದುರಿನ ಗೋಡೆಯೇ ಪಾಲಿಗೆ ಬಂತು. ಅಕ್ಕಸಾಲಿಗರು ಕಟ್ಟಿದರು, ಒಬ್ಬನ ಹೆಣ್ಣುಮಕ್ಕಳೂ ಕೈಹಾಕಿದರು. ನನಗೆ ಇದಕ್ಕಿಂತ ಜಾಸ್ತಿ ಇಷ್ಟವಾಗುವುದು ಅವನ ಪುಸ್ತಕದ ಐದನೆಯ ಅಧ್ಯಾಯ. ಸಾಲಕ್ಕೆ ಹೊಲ, ಮನೆ ಒತ್ತೆ ಇಟ್ಟು ಸೋತಿದ್ದೇವೆ ಅಂತ ಬಡವರು ಕೂಗಿದಾಗ, ಗೋಡೆ ಕೆಲಸ ಅರ್ಧದಲ್ಲಿದೆ, ಈಗ ಅದೆಲ್ಲ ಬೇಡ ಅಂತ ಅವನು ಬಾಯಿ ಮುಚ್ಚಿಸಲಿಲ್ಲ. ದೊಡ್ಡ ಸಭೆ ಕರೆದು, ಬಡ್ಡಿ ತಿನ್ನುತ್ತಿದ್ದ ಹಿರಿಯರನ್ನೇ ಎಲ್ಲರ ಮುಂದೆ ಕೇಳಿದ.

ನಮ್ಮಲ್ಲಿ? ಸಭೆಯ ವಾಟ್ಸಾಪ್ ಗುಂಪಿನಲ್ಲಿ ಅಡ್ಮಿನ್ ಮಾತ್ರ ಬರೆಯಬಹುದು.

ಕನ್ನಡದಲ್ಲಿ ಹೇಳುವುದು ಕಷ್ಟ ಅನ್ನುವವರಿಗೂ ಒಂದು ಮಾತು. 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರಡಿಸಿ ಕನ್ನಡಕ್ಕೆ ಮೊದಲ ಪತ್ರಿಕೆ ಕೊಟ್ಟವರು ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಹರ್ಮನ್ ಮೊಗ್ಲಿಂಗ್. ಕಲ್ಲಚ್ಚಿನಲ್ಲಿ ಹದಿನೈದು ದಿನಕ್ಕೊಮ್ಮೆ ಬರುತ್ತಿತ್ತು. ಅದರಲ್ಲಿ ಬರೀ ಧರ್ಮಬೋಧೆ ಇರಲಿಲ್ಲ, ಊರಿನ ಸುದ್ದಿಯೂ ಇತ್ತು. ಅದೇ ಮಿಶನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ ಬರೆದಾಗ ಯೇಸುವಿನ ಕಥೆಯನ್ನು ಕನ್ನಡದ ಪದ್ಯದ ಧಾಟಿಯಲ್ಲೇ ಹೇಳಿದರು. ಜರ್ಮನಿಯಿಂದ ಬಂದವರಿಗೆ ಸಾಧ್ಯವಾದದ್ದು ಧಾರವಾಡದಲ್ಲೇ ಹುಟ್ಟಿ ಬೆಳೆದ ನಮಗೆ ಆಗುವುದಿಲ್ಲವೇ?

ಜನರನ್ನು ಕೇಳಿದರೆ ಬರೀ ಜಗಳ ಅನ್ನುತ್ತಾರೆ. ನಿಜ, ಜನರಲ್ ಬಾಡಿ ಮೀಟಿಂಗಿನಲ್ಲಿ ಕುರ್ಚಿ ಸರಿದಾಡುವುದನ್ನು ನಾವೂ ನೋಡಿದ್ದೇವೆ. ಆದರೆ ಆ ಜಗಳದಲ್ಲಿ ಮುಕ್ಕಾಲು ಪಾಲು ಲೆಕ್ಕ ಗೊತ್ತಿಲ್ಲದ್ದಕ್ಕೆ ಹುಟ್ಟುವ ಅನುಮಾನ. ಕರಾವಳಿಯ ಕಥೋಲಿಕ ಚರ್ಚುಗಳಲ್ಲಿ ವಾಳೆ ಅಂತ ಇದೆ, ಅಕ್ಕಪಕ್ಕದ ಮನೆಗಳ ಸಣ್ಣ ಗುಂಪು, ಅದಕ್ಕೆ ಮುಖಂಡರಾಗಿ ಒಬ್ಬರು ಗುರಿಕಾರರು. ಅಂಥ ಸಣ್ಣ ಗುಂಪಿನಲ್ಲಿ ಜನರ ಮಾತು ಕೇಳಬಹುದು. ಪೋಪ್ ಫ್ರಾನ್ಸಿಸ್ 2021ರ ಅಕ್ಟೋಬರಿನಲ್ಲಿ ಸಿನೊಡ್ ಎಂಬ ಬಿಷಪ್ಪರ ಮಹಾಸಭೆಯ ಪ್ರಕ್ರಿಯೆ ಆರಂಭಿಸಿದಾಗ, ಬಿಷಪ್ಪರು ರೋಮಿನಲ್ಲಿ ಕೂಡುವ ಮೊದಲು ಊರೂರಿನ ಭಕ್ತರ ಮಾತು ಕೇಳಿ ಅಂದರು. ಎಲ್ಲ ಕಡೆ ಒಂದೇ ಥರ ಚೆನ್ನಾಗಿ ನಡೆಯಿತು ಅಂತ ನಾನು ಹೇಳುವುದಿಲ್ಲ. ಆದರೂ ಮೊದಲು ಕೇಳಿ ಆಮೇಲೆ ಹೇಳುವ ಆ ಕ್ರಮ ಸರಿಯಾದದ್ದು. ಮೈಕ್ ಮುಂದೆ ಬಾಯಿ ಬಿಡದ ಹೆಂಗಸರು ಮನೆ ಪ್ರಾರ್ಥನೆಯಲ್ಲಿ ಎಷ್ಟು ಖಡಾಖಂಡಿತವಾಗಿ ಮಾತಾಡುತ್ತಾರೆ ಅನ್ನುವುದು ಪ್ರತಿ ಸಭಾಪಾಲಕರಿಗೂ ಗೊತ್ತಿದೆ, ಅಲ್ವಾ?

ಇನ್ನೊಂದು ತೊಂದರೆ ವರ್ಗಾವಣೆ. ನಮ್ಮಲ್ಲಿ ಕೆಲವು ವರ್ಷಕ್ಕೊಮ್ಮೆ ಸಭಾಪಾಲಕರು ಬದಲಾಗುತ್ತಾರೆ, ಅವರ ಜೊತೆ ಯೋಜನೆಯೂ ಹೋಗುತ್ತದೆ. ಹಿಂದಿನವರು ಗ್ರಂಥಾಲಯ ಅಂದಿದ್ದರು, ಈಗಿನವರು ಸೌಂಡ್ ಸಿಸ್ಟಮ್ ಅನ್ನುತ್ತಾರೆ. ಗ್ರಂಥಾಲಯಕ್ಕೆ ಕೊಟ್ಟ ಕಾಣಿಕೆ ಎಲ್ಲಿದೆ ಅಂತ ಕೇಳಿದವನು ಕೆಟ್ಟವನಾಗುತ್ತಾನೆ. ಯೋಜನೆ ಸಭೆಯದ್ದಾಗಿದ್ದರೆ ಹೀಗೆ ಆಗುತ್ತಿರಲಿಲ್ಲ. ಹೊಸಬರು ಬಂದಾಗ ಜನರೇ, ಅಯ್ಯಗಾರರೇ, ನಾವು ಇಲ್ಲಿಯವರೆಗೆ ಮಾಡಿದ್ದೇವೆ, ಮುಂದಿನದು ನೋಡಿ ಅನ್ನುತ್ತಿದ್ದರು.

ಸಭೆಯ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಗಳಿಗೆ ನನ್ನ ಬೇಡಿಕೆ ಸಣ್ಣದು. ಏನು ಮಾಡುತ್ತೇವೆ, ಯಾಕೆ, ಎಷ್ಟು ಬಂತು, ಎಷ್ಟು ಖರ್ಚಾಯಿತು ಅಂತ ಒಂದೇ ಹಾಳೆ, ಕನ್ನಡದಲ್ಲಿ, ತಿಂಗಳಿಗೊಮ್ಮೆ ನೋಟಿಸ್ ಬೋರ್ಡಿಗೆ ಹಚ್ಚಲಿ. ವಾಟ್ಸಾಪ್ ಗುಂಪಿನಲ್ಲಿ ವಾರಕ್ಕೊಂದು ದಿನವಾದರೂ ನಮಗೂ ಬರೆಯಲು ಬಿಡಲಿ. ಮತ್ತು ವಾರ್ಷಿಕ ಮೀಟಿಂಗಿನಲ್ಲಿ ಲೆಕ್ಕಪತ್ರವನ್ನು ಕೊನೆಗೆ, ಹಿಂದೆ ಬಿರಿಯಾನಿ ಡಬರಿ ಇಳಿಸುವ ಹೊತ್ತಿಗೆ ಓದುವುದು ನಿಲ್ಲಲಿ. ಅದನ್ನೇ ಮೊದಲು ಇಡಿ. ಊಟ ಸ್ವಲ್ಪ ತಡವಾದರೂ ಪರವಾಗಿಲ್ಲ.

– ಸಭೆಯ ಸದಸ್ಯ, ಧಾರವಾಡ