ಮಗಳಿಗೊಂದು ಪತ್ರ: ಬಚ್ಚಲ ಒಲೆಯ ಹಾಳೆಗಳು

ಪ್ರೀತಿಯ ಮಗಳೇ,

ಭಾನುವಾರ ಊಟದ ಹೊತ್ತಿನಲ್ಲಿ ನಡೆದದ್ದನ್ನು ಮತ್ತೆ ಬರೆಯುವುದಿಲ್ಲ. ಒಪ್ಪಿಗೆಯಿಲ್ಲದೆ ತನ್ನ ಚಿತ್ರ ಹಂಚಿದ್ದರ ವಿರುದ್ಧ ಹೋರಾಡುತ್ತಿರುವ, ನೀನು ವಕಾಲತ್ತು ವಹಿಸಿರುವ ಆ ಹುಡುಗಿಯ ಬಗ್ಗೆ, ಅಂಥ ಅಶ್ಲೀಲ ಚಿತ್ರ ತೆಗೆಯಲು ಅವಳೇಕೆ ಬಿಟ್ಟಳು ಎಂದು ನಾನು ಕೇಳಬಾರದಿತ್ತು. ನೀನು ಅರ್ಧಕ್ಕೇ ಕೈತೊಳೆದು ರಾತ್ರಿಯ ಬಸ್ಸಿಗೆ ಹೊರಟ ಮೇಲೆ, ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕಗಳನ್ನು ಮೂರು ದಿನ ಓದಿದೆ.

ಅಶ್ಲೀಲವೆಂದರೇನು ಎಂದು ನಿರ್ಧರಿಸಿದ 1868ರ ಹಿಕ್ಲಿನ್ ಪ್ರಕರಣದಲ್ಲಿ ಇಂಗ್ಲೆಂಡಿನ ನ್ಯಾಯಾಲಯ ಕೇಳಿದ್ದು, ಇದನ್ನು ಓದಿದವರ ಮನಸ್ಸು ಕೆಡುತ್ತದೆಯೇ ಎಂದು. ಅಂತರ್ಜಾಲದ ಅಶ್ಲೀಲತೆಯನ್ನು ಶಿಕ್ಷಿಸುವ ನಮ್ಮ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 67ನೇ ಕಲಮಿನಲ್ಲಿ ಇಂದಿಗೂ ಅದೇ ಮಾತಿದೆ. ಭಾನುವಾರ ನನ್ನ ಬಾಯಲ್ಲಿದ್ದದ್ದೂ ಅದೇ. ಚಿತ್ರದೊಳಗಿರುವ ಹೆಣ್ಣಿಗೆ ಏನಾಯಿತು ಎಂದು ಕೇಳಿದವರು ಅಮೆರಿಕದ ಸ್ತ್ರೀವಾದಿಗಳಾದ ಕ್ಯಾಥರೀನ್ ಮೆಕಿನನ್ ಮತ್ತು ಆಂಡ್ರಿಯಾ ಡ್ವರ್ಕಿನ್. 1983ರಲ್ಲಿ ಮಿನಿಯಾಪೊಲಿಸ್ ನಗರಕ್ಕೆಂದು ಬರೆದ ಶಾಸನದಲ್ಲಿ ಅವರು ಪೋರ್ನೋಗ್ರಫಿಯನ್ನು ಹೆಣ್ಣನ್ನು ಅಧೀನಳನ್ನಾಗಿಸುವ ಕೃತ್ಯವೆಂದು, ನಾಗರಿಕ ಹಕ್ಕಿನ ಉಲ್ಲಂಘನೆಯೆಂದು ವ್ಯಾಖ್ಯಾನಿಸಿ, ನೊಂದವಳೇ ದಾವೆ ಹೂಡಲು ದಾರಿ ಮಾಡಿದರು. ಮೇಯರ್ ಅದನ್ನು ತಡೆದರು; ಇಂಡಿಯಾನಾಪೊಲಿಸ್ ಅಂಗೀಕರಿಸಿದ ಅಂಥದೇ ಶಾಸನವನ್ನು 1985ರಲ್ಲಿ ಮೇಲ್ಮನವಿ ನ್ಯಾಯಾಲಯ ರದ್ದುಮಾಡಿತು. ಸೋತ ಆ ವ್ಯಾಖ್ಯಾನವನ್ನು ನೀನು ಹಿಡಿದುಕೊಂಡಿರುವುದು ಏಕೆಂದು ಈಗ ತಿಳಿಯುತ್ತದೆ, ಹೆಮ್ಮೆಯೂ ಆಗುತ್ತದೆ.

ಆದರೂ ಭಯ ಹೋಗಿಲ್ಲ. ನೀನು ಒಂಬತ್ತನೇ ತರಗತಿಯಲ್ಲಿದ್ದಾಗ ನಿನ್ನ ಲೆಕ್ಕದ ಪುಸ್ತಕದೊಳಗೆ ಹನ್ನೊಂದು ಹಾಳೆಗಳು ಸಿಕ್ಕವು. ಎಲ್ಲವೂ ಮೀಯುತ್ತಿರುವ ಹೆಂಗಸರ ಚಿತ್ರಗಳು. ಅಶ್ಲೀಲ ಎಂದು ಒಂದೇ ಮಾತು ಹೇಳಿ ಬಚ್ಚಲ ಒಲೆಗೆ ಹಾಕಿದೆ. ನೀನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ, ಅಳಲಿಲ್ಲ. ಕೊನೆಯ ಹಾಳೆ ಮುದುಡುವಾಗ ಅದರಲ್ಲಿದ್ದ ಹೆಂಗಸಿನ ಎಡ ಹೆಗಲ ಮೇಲೆ ಸುಟ್ಟ ಕಲೆಯನ್ನು ಕಂಡೆ. ಆ ಕಲೆ ನನ್ನದು. ಇಕ್ಕಳ ಕೈಯಲ್ಲೇ ಇತ್ತು, ಹಾಳೆಯನ್ನು ಹೊರಗೆಳೆಯಬಹುದಿತ್ತು, ಎಳೆಯಲಿಲ್ಲ. ನೀನು ಆಮೇಲೆ ಪೆನ್ಸಿಲ್ ಹಿಡಿದದ್ದನ್ನು ನಾನು ನೋಡಿಲ್ಲ. ಹೆಗಲಿನ ಗೆರೆಯನ್ನು ಅಷ್ಟು ಸರಿಯಾಗಿ ಬರೆಯಲು ನೀನು ಎಷ್ಟು ದಿನ ನನ್ನನ್ನು ನೋಡಿರಬೇಕು ಎಂದು ಈಗಲೂ ಲೆಕ್ಕ ಹಾಕುತ್ತೇನೆ.

ವ್ಯಾಖ್ಯಾನವನ್ನು ಎಷ್ಟೇ ಎಚ್ಚರದಿಂದ ಬರೆದರೂ ಅದು ನನ್ನಂಥವರ ಕೈಗೂ ಬರುತ್ತದೆ. ಹದಿನೆಂಟನೇ ಶತಮಾನದ ತೆಲುಗು ಕವಯಿತ್ರಿ ಮುದ್ದುಪಳನಿಯ ಶೃಂಗಾರ ಕಾವ್ಯ 'ರಾಧಿಕಾ ಸಾಂತ್ವನಮು'ವನ್ನು ನಂಜನಗೂಡಿನಲ್ಲಿ ಹುಟ್ಟಿದ ಗಾಯಕಿ ಬೆಂಗಳೂರು ನಾಗರತ್ನಮ್ಮ 1910ರಲ್ಲಿ ಮತ್ತೆ ಅಚ್ಚುಹಾಕಿಸಿದರು. ಹೆಣ್ಣು ಬರೆದದ್ದು, ಹೆಣ್ಣು ಅಚ್ಚುಹಾಕಿಸಿದ್ದು. ಅದನ್ನು ಹೊಲಸೆಂದು ಜರೆದವರು ವಿಧವಾವಿವಾಹಕ್ಕಾಗಿ ದುಡಿದ ತೆಲುಗು ಸುಧಾರಕ ವೀರೇಶಲಿಂಗಂ ಅವರೇ. ಆಮೇಲೆ ಸರ್ಕಾರ ಅದರ ಮೇಲೆ ಹಾಕಿದ ನಿಷೇಧ ತೆರವಾದದ್ದು 1947ರಲ್ಲಿ. ಅಮೆರಿಕದಲ್ಲಿಯೂ ಸೆನ್ಸಾರ್‌ಗಿರಿಯ ಭಯದಿಂದ ಮೆಕಿನನ್‌ರ ಶಾಸನವನ್ನು ಎದುರಿಸಿದವರಲ್ಲಿ ಸ್ತ್ರೀವಾದಿಗಳೇ ಇದ್ದರು.

ಆದ್ದರಿಂದ 67ಕ್ಕಿಂತ ಅದೇ ಕಾಯ್ದೆಯ 66ಇ ಕಲಮನ್ನು, ಖಾಸಗಿತನದ ಉಲ್ಲಂಘನೆಯ ಕಲಮನ್ನು, ಮುಂದಿಟ್ಟುಕೋ. ಅದು ಒಪ್ಪಿಗೆಯನ್ನು ಕೇಳುತ್ತದೆ, ನೋಡುವವನ ಮನಸ್ಸನ್ನಲ್ಲ. ತೆಗೆಯಲು ಒಪ್ಪಿದವಳು ಹಂಚಲು ಒಪ್ಪಿದ್ದಳೆಂದು ಯಾರೂ ಹೇಳದಂತೆ ನೋಡಿಕೋ. ವಕೀಲೆಗೆ ಕಲಮು ಹೇಳಿಕೊಡುತ್ತಿದ್ದೇನೆ, ನಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು, ರಾತ್ರಿ ಒಬ್ಬಳೇ ಕಚೇರಿಯಲ್ಲಿ ಕೂರಬೇಡ.

ಆ ಹುಡುಗಿ ಕಾಲೇಜಿಗೆ ಮರಳಿದಳೇ ಎಂದು ತಿಳಿಸು. ಪುಸ್ತಕಗಳನ್ನು ಕೊರಿಯರ್‌ನಲ್ಲಿ ಕಳುಹಿಸಲೇ, ಇಲ್ಲ ನೀನೇ ಬಂದು ತೆಗೆದುಕೊಂಡು ಹೋಗುವೆಯಾ?

ನಿನ್ನ ಅಮ್ಮ