ಮೋಟರ್‌ಸೈಕೋ: ಡ್ರಮ್ಮರ್ ಬದಲಾದಾಗಲೆಲ್ಲ ಹೊಸದಾದ ಬ್ಯಾಂಡ್

ಪ್ರೀತಿಯ ಸುಧೀ,

"ಮೂವತ್ತೈದು ವರ್ಷದಿಂದ ಒಂದೇ ಬ್ಯಾಂಡು, ಅದೂ ಸೈಕೆಡೆಲಿಕ್ ರಾಕ್! ಬೇಜಾರಾಗಲ್ವಾ ಅವರಿಗೆ?" ಅಂತ ಮೋಟರ್‌ಸೈಕೋ ಬಗ್ಗೆ ನೀನು ಕೇಳಿದ್ದೆ. ಫೋನಿನಲ್ಲಿ ಇದಕ್ಕೆ ಉತ್ತರ ಕೊಡೋದು ಕಷ್ಟ, ಅದಕ್ಕೇ ಈ ಪತ್ರ. ನೀನು ಡ್ರಮ್ಸ್ ನುಡಿಸುವವನು. ಮೋಟರ್‌ಸೈಕೋ ಕತೆಯನ್ನು ಅವರ ಡ್ರಮ್ಮರ್‌ಗಳ ಕಡೆಯಿಂದ ಹೇಳಿದರೆ ನಿನಗೆ ಬೇಗ ಹಿಡಿಸುತ್ತದೆ. ನನ್ನ ಪ್ರಕಾರ ಈ ಬ್ಯಾಂಡನ್ನು ಅರ್ಥ ಮಾಡಿಕೊಳ್ಳೋಕೆ ಅದೇ ಸರಿಯಾದ ದಾರಿ ಕೂಡ. ಬೇಸ್ (ತಗ್ಗು ಸ್ವರದ ಗಿಟಾರ್) ಮತ್ತು ಗಿಟಾರ್ ಹಿಡಿದವರು 1989ರಿಂದ ಇಂದಿನವರೆಗೂ ಅವರಿಬ್ಬರೇ. ಡ್ರಮ್ಸ್ ಹಿಂದೆ ಕೂತವರು ಮಾತ್ರ ಬದಲಾಗುತ್ತಾ ಬಂದರು. ಪ್ರತಿ ಸಲವೂ ಇವರಿಬ್ಬರು ಹೋದವನಂಥವನನ್ನೇ ಹುಡುಕಿ ಹಳೇ ಸಂಗೀತವನ್ನು ಮುಂದುವರಿಸಲಿಲ್ಲ. ಬಂದವನ ಕೈ ಹೇಗಿದೆ ನೋಡಿ ಸಂಗೀತವನ್ನೇ ಬದಲಿಸಿದರು.

ಅವರ ಊರು ನಾರ್ವೆಯ ಟ್ರೋಂಡ್‌ಹೈಮ್. ಓಸ್ಲೋದಿಂದ ಉತ್ತರಕ್ಕೆ ಸುಮಾರು 500 ಕಿಲೋಮೀಟರ್. ಡಿಸೆಂಬರಿನಲ್ಲಿ ಅಲ್ಲಿ ಹಗಲು ಅನ್ನೋದು ನಾಲ್ಕೂವರೆ ಗಂಟೆ, ಅಷ್ಟೇ. ಸಂತ ಓಲಾಫನ ಸಮಾಧಿಯ ಮೇಲೆ ಕಟ್ಟಿದ ಹಳೇ ಕೆಥೆಡ್ರಲ್ ಇರುವ ಊರು, ಜೊತೆಗೆ ವಿದ್ಯಾರ್ಥಿಗಳು ತುಂಬಿರುವ ಊರು. ಅಲ್ಲಿನ ಸಂಗೀತ ಶಾಲೆಯಲ್ಲಿ 1979ರಲ್ಲೇ ಜಾಝ್ ವಿಭಾಗ ಶುರುವಾಗಿತ್ತು. ಈ ವಿಷಯ ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ. ಬೆಂಟ್ ಸೇಟರ್ ಬೇಸ್ ನುಡಿಸಿ ಹಾಡುತ್ತಾನೆ. ಹನ್ಸ್ ಮಾಗ್ನುಸ್ ರಿಯಾನ್ ಗಿಟಾರ್. ಅವನನ್ನು ಎಲ್ಲರೂ ಕರೆಯೋದು 'ಸ್ನಾ' ಅಂತ. ಹನ್ಸ್ ಅನ್ನೋದರ ಇಂಗ್ಲಿಷ್ ಅಕ್ಷರಗಳನ್ನು ತಿರುಗಿಸಿ ಓದಿದರೆ ಸ್ನಾ ಆಗುತ್ತದೆ. ಬ್ಯಾಂಡಿನ ಹೆಸರು ನಿರ್ದೇಶಕ ರಸ್ ಮೇಯರ್‌ನ ಒಂದು ಹಳೇ ಅಮೆರಿಕನ್ ಸಿನಿಮಾದಿಂದ ಬಂದದ್ದು.

ಮೊದಲ ಡ್ರಮ್ಮರ್ ಶೆಲ್ ರೂನಾರ್ ಯೆನ್ಸನ್. ಅವನ ಜೊತೆ ಬಂದ 1991ರ 'ಲೊಬಾಟಮೈಸರ್' ಅವರ ಮೊದಲ ಆಲ್ಬಮ್. ಒರಟು ದನಿ, ಭಾರವಾದ ಗಿಟಾರ್, ಆ ಕಾಲದ ಹುಡುಗರು ಎಲ್ಲ ಕಡೆ ಮಾಡುತ್ತಿದ್ದದ್ದೇ. ಇದನ್ನು ನೀನು ಕೊನೆಗೆ ಕೇಳಿದರೂ ನಡೆಯುತ್ತದೆ. ಅದೇ ವರ್ಷ ಹೋಕನ್ ಗೆಬ್‌ಹಾರ್ಟ್ ಬಂದ. ನನಗೆ ಬ್ಯಾಂಡ್ ಶುರುವಾಗೋದೇ ಅಲ್ಲಿಂದ.

ಗೆಬ್‌ಹಾರ್ಟ್ ಬರೀ ಡ್ರಮ್ಸ್‌ಗೆ ಅಂಟಿಕೊಂಡವನಲ್ಲ. ಬ್ಯಾಂಜೋ ನುಡಿಸುತ್ತಿದ್ದ, ಹಾಡು ಬರೆಯುತ್ತಿದ್ದ, ಹಾಡುತ್ತಲೂ ಇದ್ದ. ಹೊಡೆತದಲ್ಲಿ ಅಲಂಕಾರ ಕಡಿಮೆ, ಆದರೆ ಎಳೆದು ಕೂರಿಸುವ ತಾಕತ್ತಿತ್ತು. ಅದೇ ಹೊತ್ತಿಗೆ ಹೆಲ್ಗೆ ಸ್ಟೇನ್ ಅನ್ನುವವನೂ ಬ್ಯಾಂಡಿಗೆ ಸೇರಿದ. ಇವನು 'ಡೆತ್‌ಪ್ರಾಡ್' ಅನ್ನುವ ಹೆಸರಿನಲ್ಲಿ ಕೆಲಸ ಮಾಡುತ್ತಾನೆ. ಟೇಪು, ಎಕೋ, ಯಂತ್ರಗಳ ಗುಂಯ್‌ಗುಡುವಿಕೆ, ಇವೇ ಅವನ ವಾದ್ಯಗಳು. ಇವರೆಲ್ಲ ಸೇರಿ ಮಾಡಿದ್ದು 1993ರ 'ಡೀಮನ್ ಬಾಕ್ಸ್'. ಒಂದೇ ಆಲ್ಬಮ್ಮಿನಲ್ಲಿ ಮೆಟಲ್ ಇದೆ, ಅಕೌಸ್ಟಿಕ್ ಗಿಟಾರಿನ ಮೆಲುಹಾಡಿದೆ, ಹದಿನೇಳು ನಿಮಿಷ ಬರೀ ಗದ್ದಲದಲ್ಲಿ ಮುಳುಗಿಸುವ ಶೀರ್ಷಿಕೆ ಹಾಡಿದೆ. ನಾನು ಮೊದಲು ಕೇಳಿದಾಗ ಆ ಹದಿನೇಳು ನಿಮಿಷ ಭಯ ಹುಟ್ಟಿಸಿತ್ತು. ಈಗಲೂ ರಾತ್ರಿ ಹೊತ್ತು ಅದನ್ನು ಹಾಕೋದಿಲ್ಲ.

ಮುಂದಿನ ವರ್ಷ 'ಟಿಮೊಥೀಸ್ ಮಾನ್ಸ್ಟರ್'. ಸುಧೀ, ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ತಾಳ್ಮೆಯಿಂದ ಓದು. ಮೂರು ಎಲ್‌ಪಿ (ಗ್ರಾಮಫೋನ್ ತಟ್ಟೆ) ತುಂಬುವಷ್ಟು ಸಂಗೀತ. ಶುರುವಾಗೋದು 'ಫೀಲ್' ಅನ್ನುವ ಪುಟ್ಟ ಹಾಡಿನಿಂದ, ಪಕ್ಕದ ಕೋಣೆಯಲ್ಲಿ ಕೂತು ಯಾರೋ ಹಾಡಿಕೊಳ್ಳುವಷ್ಟು ಮೆಲ್ಲಗೆ. ಮಧ್ಯದಲ್ಲಿ ಚುರುಕಾದ ಪಾಪ್ ಹಾಡುಗಳು ಬರುತ್ತವೆ, ಬ್ಯಾಂಜೋ ಬರುತ್ತದೆ. ಕೊನೆಗೆ 'ದಿ ವೀಲ್' ಮತ್ತು 'ದಿ ಗೋಲ್ಡನ್ ಕೋರ್' ಎರಡೇ ಸೇರಿ ಅರ್ಧ ಗಂಟೆ. 'ದಿ ವೀಲ್'ನಲ್ಲಿ ನಡೆಯೋದು ಇಷ್ಟೇ: ಒಂದು ರಿಫ್ಫು, ಅಂದರೆ ಮತ್ತೆ ಮತ್ತೆ ಬರುವ ಪುಟ್ಟ ಸ್ವರಸಾಲು, ತಿರುಗುತ್ತದೆ, ತಿರುಗುತ್ತಲೇ ಇರುತ್ತದೆ. ಭಜನೆಯಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತಾ ಬರುತ್ತಾ ಹಾಡುವವರಿಗೇ ಹೊತ್ತು ಗೊತ್ತಾಗದ ಹಾಗೆ ಆಗುತ್ತಲ್ಲ, ಹಾಗೆ. ಗೆಬ್‌ಹಾರ್ಟ್ ಇಲ್ಲಿ ಏನು ನುಡಿಸುತ್ತಾನೆ ಅನ್ನೋದಕ್ಕಿಂತ ಏನನ್ನು ನುಡಿಸೋದಿಲ್ಲ ಅಂತ ಗಮನಿಸು. ಫಿಲ್ (ನಡುವಿನ ಜಾಗ ತುಂಬುವ ಹೊಡೆತ) ಹಾಕೋಕೆ ಸಾವಿರ ಜಾಗ ಇದೆ, ಕೈ ತಡೆದುಕೊಳ್ಳುತ್ತಾನೆ. ರಿಫ್ಫು ಬದಲಾಗೋದಿಲ್ಲ, ಆದರೆ ಅದರ ಸುತ್ತ ಇರುವ ಸದ್ದು ಇಂಚಿಂಚಾಗಿ ಬೆಳೆಯುತ್ತದೆ. ಹತ್ತನೇ ನಿಮಿಷದಲ್ಲಿ ನೀನು ಎಲ್ಲಿದ್ದೀಯ ಅಂತ ನಿನಗೇ ಗೊತ್ತಿರೋದಿಲ್ಲ. ನನಗೆ ಸೈಕೆಡೆಲಿಕ್ ಅಂದರೆ ಇದೇ. ಬಣ್ಣಬಣ್ಣದ ದೀಪ, ಹೂವಿನ ಅಂಗಿ, ಅದೆಲ್ಲ ಇಲ್ಲದಿದ್ದರೂ ನಡೆಯುತ್ತದೆ. ಕೇಳುವವನ ಹೊತ್ತಿನ ಲೆಕ್ಕ ತಪ್ಪಿಸಬೇಕು, ಅಷ್ಟೇ.

ಅದೇ ವರ್ಷ ಇದೇ ಜನ ಇನ್ನೊಂದು ಕೆಲಸ ಮಾಡಿದರು. ಇಲ್ಲದ ಒಂದು ಕೌಬಾಯ್ ಸಿನಿಮಾವನ್ನು ಕಲ್ಪಿಸಿಕೊಂಡು ಅದಕ್ಕೆ ಹಿನ್ನೆಲೆ ಸಂಗೀತ ಮಾಡಿ 'ದಿ ಟಸ್ಲರ್' ಅಂತ ಬಿಟ್ಟರು. ಪೂರ್ತಿ ಕಂಟ್ರಿ ಸಂಗೀತ. ಕೇಳಿ ನೋಡು, ತಮಾಷೆಗೆ ಮಾಡಿದ್ದಲ್ಲ ಅಂತ ಗೊತ್ತಾಗುತ್ತದೆ. ಅವರಿಗೆ ಆ ಸಂಗೀತದ ಮೇಲೆ ನಿಜವಾದ ಪ್ರೀತಿ ಇದೆ.

ನಾರ್ವೆ ಆಚೆ ಇವರು ಹೆಸರಾದದ್ದೂ ಇದೇ ಕಾಲದಲ್ಲಿ. ಹ್ಯಾಂಬರ್ಗಿನ ಸ್ಟಿಕ್‌ಮನ್ ರೆಕಾರ್ಡ್ಸ್ ಅನ್ನುವ ಪುಟ್ಟ ಕಂಪನಿ ಇವರ ಆಲ್ಬಮ್‌ಗಳನ್ನು ತರೋಕೆ ಶುರು ಮಾಡಿತು. ಜರ್ಮನಿ, ಇಟಲಿ, ನೆದರ್ಲ್ಯಾಂಡ್ಸ್‌ಗಳಲ್ಲಿ ಇವರಿಗೆ ಒಂದು ಬಳಗವೇ ಹುಟ್ಟಿಕೊಂಡಿತು. ಇವರು ಒಂದು ರಾತ್ರಿ ನುಡಿಸಿದ ಪಟ್ಟಿಯನ್ನು ಮರುದಿನ ನುಡಿಸುವವರಲ್ಲ. ಹಾಡಿನ ಉದ್ದವೂ ಅಷ್ಟೇ. 1997ರ 'ಏಂಜಲ್ಸ್ ಅಂಡ್ ಡೀಮನ್ಸ್ ಅಟ್ ಪ್ಲೇ'ಯಲ್ಲಿರುವ 'ಅನ್ ಶಿಯೆನ್ ದೆಸ್ಪಾಸ್' ವೇದಿಕೆ ಮೇಲೆ ಎಲ್ಲಿಗೆ ಹೋಗಿ ನಿಲ್ಲುತ್ತದೆ ಅನ್ನೋದು ಆ ರಾತ್ರಿಯ ಮೇಲೆ ನಿಂತಿರುತ್ತದೆ. ಒಂದು ಕಛೇರಿ ನೋಡಿದವರು ಮರುದಿನ ರೈಲು ಹತ್ತಿ ಮುಂದಿನ ಊರಿಗೂ ಹೋಗುತ್ತಾರೆ ಅಂದರೆ ಇದಕ್ಕೇ. 1998ರಲ್ಲಿ 'ಟ್ರಸ್ಟ್ ಅಸ್' ಬಂತು. ಅದರಲ್ಲಿರುವ 'ವೋರ್ಟೆಕ್ಸ್ ಸರ್ಫರ್' ಇವರ ಹಾಡುಗಳಲ್ಲೇ ಜನ ತುಂಬಾ ಹಚ್ಚಿಕೊಂಡದ್ದು. ಅದು ನಿಧಾನಕ್ಕೆ ಏರುವ ಹಾಡು. ಗೆಬ್‌ಹಾರ್ಟ್ ಅದನ್ನು ಏರಿಸುವ ರೀತಿ ನೀನು ಕಲಿಯಬೇಕಾದದ್ದು. ಎಲ್ಲೂ ಅವಸರ ಇಲ್ಲ.

ಇನ್ನೊಬ್ಬರಾಗಿದ್ದರೆ ಅಲ್ಲಿಗೇ ಒಂದು ದಾರಿ ಹಿಡಿದು ಹೊಟ್ಟೆಪಾಡು ನೋಡಿಕೊಳ್ಳುತ್ತಿದ್ದರು. ಇವರು 2000ದಲ್ಲಿ 'ಲೆಟ್ ದೆಮ್ ಈಟ್ ಕೇಕ್' ಮಾಡಿದರು. ಗಿಟಾರಿನ ಭಾರ ಇಳಿಸಿ ಪಿಯಾನೋ, ತಂತಿ ವಾದ್ಯ, ಊದುವ ವಾದ್ಯ ತಂದರು. ಅರವತ್ತರ ದಶಕದ ಬಿಸಿಲಿನಂಥ ಪಾಪ್ ಹಾಡುಗಳು. ಬೋರ್ಡ್ ಸ್ಲಾಗ್ಸ್‌ವೋಲ್ಡ್ ಪಿಯಾನೋ ನುಡಿಸಿದ. ಮೊದಲಿನ ಭಾರವನ್ನೇ ಬಯಸಿದ ಅಭಿಮಾನಿಗಳಿಗೆ ಇದು ರುಚಿಸಲಿಲ್ಲ. ನನಗೆ ಆ ಕಾಲದ ಆಲ್ಬಮ್‌ಗಳ ಮೇಲೆ ತುಂಬಾ ಪ್ರೀತಿ ಇದೆ. ಬೆಂಟ್ ಎಷ್ಟು ಚೆನ್ನಾಗಿ ರಾಗ ಕಟ್ಟುತ್ತಾನೆ ಅನ್ನೋದು ಗದ್ದಲ ಕಡಿಮೆಯಾದಾಗಲೇ ಕಾಣೋದು, ಅಲ್ವಾ? ಅದೇ ದಾರಿಯಲ್ಲಿ 'ಫನೆರೊಥೈಮ್', 'ಇಟ್ಸ್ ಎ ಲವ್ ಕಲ್ಟ್' ಬಂದವು. 2003ರಲ್ಲಿ ನಾರ್ವೆಯದೇ ಜಾಝ್ ತಂಡವಾದ ಯಾಗಾ ಯಾಜ್ಜಿಸ್ಟ್‌ನ ಊದುವವರ ಜೊತೆ ಒಂದು ರೆಕಾರ್ಡಿಂಗ್ ಬಂತು. ಜಾಝ್ ಹತ್ತಿರ ಬರುತ್ತಿತ್ತು.

2005ರಲ್ಲಿ ಗೆಬ್‌ಹಾರ್ಟ್ ಬಿಟ್ಟ. ಹದಿನಾಲ್ಕು ವರ್ಷ ಜೊತೆಗಿದ್ದವನು. ಇಷ್ಟು ಚಿಕ್ಕ ಬ್ಯಾಂಡಿನಲ್ಲಿ ಒಬ್ಬ ಹೋದರೆ ಏನಾಗುತ್ತದೆ ಅಂತ ನಿನಗೆ ನಾನು ಹೇಳಬೇಕಾಗಿಲ್ಲ. ಬೆಂಟ್ ಮತ್ತು ಸ್ನಾ ಇಬ್ಬರೇ ನೆದರ್ಲ್ಯಾಂಡ್ಸಿನ ಐಂಡ್‌ಹೋವನ್‌ಗೆ ಹೋಗಿ ಕೂತರು. ಡ್ರಮ್ಸನ್ನು ಬಹುಪಾಲು ಬೆಂಟ್ ತಾನೇ ಬಾರಿಸಿದ. 2006ರಲ್ಲಿ ಹೊರಬಂದ ಆ ಜೋಡಿ ಆಲ್ಬಮ್ಮಿನ ಹೆಸರು 'ಬ್ಲಾಕ್ ಹೋಲ್ / ಬ್ಲಾಂಕ್ ಕ್ಯಾನ್ವಾಸ್'. ಹಾಡುಗಳು ನೇರ, ಗಿಟಾರು ಮುಂದೆ, ಡ್ರಮ್ಸ್ ಸರಳ. ಬೇಸ್ ನುಡಿಸುವವನು ಡ್ರಮ್ಸ್ ಮುಂದೆ ಕೂತಾಗ ತನ್ನ ಬೇಸ್‌ಗೆ ಏನು ಬೇಕೋ ಅಷ್ಟನ್ನೇ ಬಾರಿಸುತ್ತಾನೆ. ಅದು ಒಂದು ಥರ ಚೆಂದ. ಆದರೆ ಅಲ್ಲಿ ಇನ್ನೊಬ್ಬನ ಜೊತೆ ಜಗಳ ಇಲ್ಲ, ತಳ್ಳಾಟ ಇಲ್ಲ. ಆ ಕೊರತೆ ನನಗೆ ಕೇಳುತ್ತದೆ.

2007ರಲ್ಲಿ ಕೆನೆತ್ ಕಾಪ್‌ಸ್ಟಾಡ್ ಬಂದ. ಟ್ರೋಂಡ್‌ಹೈಮಿನ ಆ ಜಾಝ್ ವಿಭಾಗದಲ್ಲಿ ಕಲಿತವನು! ಗೆಬ್‌ಹಾರ್ಟ್ ಕೈ ತಡೆದರೆ ಇವನು ಕೈ ಬಿಡುತ್ತಾನೆ. ತಾಳವನ್ನು ಮುರಿದು ಜೋಡಿಸುತ್ತಾ ಬೇಸನ್ನೂ ಗಿಟಾರನ್ನೂ ಓಡಿಸುತ್ತಾನೆ. ಉಳಿದಿಬ್ಬರು ಅವನಿಗೆ ಓಡೋಕೆ ಜಾಗ ಮಾಡಿಕೊಟ್ಟರು. 2008ರ 'ಲಿಟಲ್ ಲೂಸಿಡ್ ಮೊಮೆಂಟ್ಸ್'ನಲ್ಲಿ ಒಂದು ಗಂಟೆಗೆ ನಾಲ್ಕೇ ನಾಲ್ಕು ಹಾಡು. ಮೊದಲನೆಯದೇ ಇಪ್ಪತ್ತೊಂದು ನಿಮಿಷ. ಇದು 'ದಿ ವೀಲ್' ಥರದ ಉದ್ದ ಅಲ್ಲ. ಅಲ್ಲಿ ಒಂದೇ ಜಾಗದಲ್ಲಿ ತಿರುಗುತ್ತಿದ್ದರು, ಇಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಪ್ರಯಾಣ ಮಾಡುತ್ತಾರೆ. ಬೆಂಟ್‌ನ ಬೇಸ್ ಕೂಡ ಇಲ್ಲಿ ಬದಲಾಗುತ್ತದೆ. ಒರಟಾದ ಸದ್ದಿನಲ್ಲಿ ಮುಂದೆ ನುಗ್ಗಿ, 'ಸ್ನಾ'ನ ಗಿಟಾರಿಗೆ ಎದುರುತ್ತರ ಕೊಡುತ್ತದೆ. ನೀನು ಮೊದಲು ಬೀಳೋದು ಇದಕ್ಕೇ ಅಂತ ನನ್ನ ಅಂದಾಜು. 2009ರಲ್ಲಿ 'ಚೈಲ್ಡ್ ಆಫ್ ದ ಫ್ಯೂಚರ್' ಬರೀ ಎಲ್‌ಪಿಯಾಗಿ ಬಂತು. 2010ರ 'ಹೆವಿ ಮೆಟಲ್ ಫ್ರೂಟ್' ಇನ್ನಷ್ಟು ಸುತ್ತಿ ಬಳಸಿದ ಸಂಗೀತ.

ಆಮೇಲೆ ಬಂತು ಅವರ ಅತಿ ದೊಡ್ಡ ಕೆಲಸ. ನಾರ್ವೆಯಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಸಂಗೀತ ಉತ್ಸವಗಳು ಸಂಗೀತಗಾರರಿಗೆ ಹೇಳಿ ಹೊಸ ಕೃತಿ ಬರೆಸುತ್ತವೆ. 2010ರಲ್ಲಿ ಮೋಲ್ಡೆ ಜಾಝ್ ಉತ್ಸವ ಇವರಿಂದ ಬರೆಸಿತು. ಒಂದು ರಾಕ್ ಬ್ಯಾಂಡಿಗೆ ಜಾಝ್ ಉತ್ಸವದ ಕರೆ, ಯೋಚಿಸು. ಕೀಬೋರ್ಡ್ ನುಡಿಸುವ ಸ್ಟೋಲೆ ಸ್ಟೂರ್ಲೊಕ್ಕೆನ್ ಜೊತೆ ಕೂತು ಬರೆದರು. ಟ್ರೋಂಡ್‌ಹೈಮ್ ಜಾಝ್ ಆರ್ಕೆಸ್ಟ್ರಾ, ಟ್ರೋಂಡ್‌ಹೈಮ್ ಸೋಲಿಸ್ಟರ ತಂತಿ ವಾದ್ಯ ತಂಡ, ಪಿಟೀಲಿಗೆ ಓಲಾ ಕ್ವೆರ್ನ್‌ಬೆರ್ಗ್. 2012ರಲ್ಲಿ ಅದು 'ದಿ ಡೆತ್ ಡಿಫೈಯಿಂಗ್ ಯೂನಿಕಾರ್ನ್' ಅನ್ನುವ ಜೋಡಿ ಆಲ್ಬಮ್ಮಾಯಿತು. ಹಡಗು ಹತ್ತಿ ಹೊರಟವರ ಕತೆ, ಸಮುದ್ರದಲ್ಲಿ ಅವರಿಗಾಗುವ ಪಾಡಿನ ಕತೆ. ಅಲ್ಲಲ್ಲಿ ಎಳೆದ ಹಾಗನ್ನಿಸುತ್ತದೆ, ನಿಜ. ಎರಡನೇ ಭಾಗದಲ್ಲಿ ನನಗೇ ಗಮನ ಜಾರಿದ್ದಿದೆ. ಆದರೆ ಆರ್ಕೆಸ್ಟ್ರಾ ಇಟ್ಟುಕೊಂಡ ಎಷ್ಟೋ ರಾಕ್ ಬ್ಯಾಂಡುಗಳು ಅದನ್ನು ಹಿಂದಿನ ಪರದೆ ಥರ ಬಳಸುತ್ತವೆ. ಇಲ್ಲಿ ಊದುವವರು, ಪಿಟೀಲಿನವರು ಕಾಪ್‌ಸ್ಟಾಡ್‌ನ ಡ್ರಮ್ಸ್ ಜೊತೆ ಮೈಗೆ ಮೈ ತಾಗಿಸಿ ನುಡಿಸುತ್ತಾರೆ. ಜಾಝ್ ಕಲಿತ ಡ್ರಮ್ಮರ್ ಇಲ್ಲದಿದ್ದರೆ ಇದು ಆಗುತ್ತಲೇ ಇರಲಿಲ್ಲ ಅಂತ ನನಗನ್ನಿಸುತ್ತದೆ.

ಕಾಪ್‌ಸ್ಟಾಡ್ 2016ರಲ್ಲಿ ಹೋದ. ಅವನ ಜಾಗಕ್ಕೆ ತೋಮಸ್ ಯೆರ್ಮೀರ್, ಸ್ವೀಡನ್ನಿನವನು, ಅದೇ ಟ್ರೋಂಡ್‌ಹೈಮ್ ಜಾಝ್ ಶಾಲೆಗೆ ಬಂದು ಕಲಿತವನು. ಅವನ ಹೊಡೆತ ಅಗಲವಾದದ್ದು, ತೂಕದ್ದು. ಅವನ ಜೊತೆ ಮಾಡಿದ 'ದಿ ಟವರ್' (2017), 'ದಿ ಕ್ರೂಸಿಬಲ್' (2019), 'ದಿ ಆಲ್ ಈಸ್ ಒನ್' (2020) ಮೂರನ್ನೂ ಒಂದು ಗುಂಪಾಗಿ ನೋಡಬೇಕು. ಮೂರರ ಹೊದಿಕೆಗೂ ಟ್ರೋಂಡ್‌ಹೈಮಿನ ಹೋಕನ್ ಗುಲ್‌ವೋಗ್ ಅವರ ವರ್ಣಚಿತ್ರಗಳಿವೆ. 'ದಿ ಕ್ರೂಸಿಬಲ್'ನಲ್ಲಿ ಮೂರೇ ಹಾಡು. 'ದಿ ಆಲ್ ಈಸ್ ಒನ್'ನಲ್ಲಿ 'ಎನ್.ಓ.ಎಕ್ಸ್.' ಅನ್ನುವ ಐದು ಭಾಗಗಳ ಕೃತಿಯಿದೆ, ನಲವತ್ತು ನಿಮಿಷ ದಾಟುತ್ತದೆ. ತಮ್ಮ ಊರಿನ ಸಂತ ಓಲಾಫ್ ಉತ್ಸವಕ್ಕೆ ಅಂತ ಬರೆದದ್ದು. ಅದರ ನಡುಭಾಗವನ್ನು ಬೆಳಗಿನ ಜಾವ ಬಸ್ಸಿನಲ್ಲಿ ಕೇಳಿದ್ದೆ. ಇಳಿಯಬೇಕಾದ ನಿಲ್ದಾಣ ದಾಟಿ ಹೋಗಿತ್ತು, ಬೇಸರವೇ ಆಗಲಿಲ್ಲ.

ಯೆರ್ಮೀರ್ ಕೂಡ ಬಿಟ್ಟ ಮೇಲೆ 2023ರಲ್ಲಿ 'ಯೇ!' ಬಂತು. ಮತ್ತೆ ಇಬ್ಬರೇ, ಬಹುಪಾಲು ಅಕೌಸ್ಟಿಕ್, ಹಗುರ. ಡ್ರಮ್ಮರ್ ಇಲ್ಲ ಅಂದಾಗ ಡ್ರಮ್ಸ್ ಜಾಸ್ತಿ ಬೇಡದ ಹಾಡುಗಳನ್ನೇ ಮುಂದಿಟ್ಟರು. 2025ರ ಆಲ್ಬಮ್ಮಿಗೆ ಬ್ಯಾಂಡಿನ ಹೆಸರನ್ನೇ ಇಟ್ಟಿದ್ದಾರೆ, ಸ್ವಂತ ಕಂಪನಿಯಿಂದ ಹೊರತಂದಿದ್ದಾರೆ. ಅದರಲ್ಲಿ ಕಾನಾನ್ ಬ್ಯಾಂಡಿನ ಇಂಗ್ವಾಲ್ಡ್ ವಾಸ್ಬೋ ಡ್ರಮ್ಸ್ ನುಡಿಸಿದ್ದಾನೆ. ವಯಸ್ಸಿನಲ್ಲಿ ಇವರಿಗಿಂತ ತುಂಬಾ ಚಿಕ್ಕವನು. ಅವನ ಕೈಗೆ ತಕ್ಕ ಹಾಗೆ ಈ ಇಬ್ಬರು ಮತ್ತೆ ಜೋರು ಹಿಡಿದಿದ್ದಾರೆ.

ನೀನು ಎಲ್ಲಿಂದ ಶುರು ಮಾಡಬೇಕು ಅಂತ ನನ್ನ ಆಸೆ ಹೇಳುತ್ತೇನೆ. ಮೊದಲು 'ವೋರ್ಟೆಕ್ಸ್ ಸರ್ಫರ್'. ಅದಾದ ಮೇಲೆ 'ಲಿಟಲ್ ಲೂಸಿಡ್ ಮೊಮೆಂಟ್ಸ್'ನ ಮೊದಲ ಹಾಡು. ಎರಡನ್ನೂ ಒಂದೇ ಸಂಜೆ ಕೇಳು, ಬೇಸ್ ನುಡಿಸುವವನು ಅದೇ ಮನುಷ್ಯ ಅಂತ ಮನಸ್ಸಿನಲ್ಲಿಟ್ಟುಕೊಂಡು. 'ದಿ ವೀಲ್'ಗೆ ಒಂದು ರಜಾ ದಿನ ಇಟ್ಟುಕೋ. ಮೊಬೈಲಿನ ಸ್ಪೀಕರಿನಲ್ಲಿ ಮಾತ್ರ ಕೇಳಬೇಡ ಮಾರಾಯ, ಕೈ ಮುಗಿಯುತ್ತೇನೆ. ಕೆಳಗಿನ ಸದ್ದೆಲ್ಲ ಹೊರಟು ಹೋಗುತ್ತದೆ. ಮುಂದಿನ ಪತ್ರದಲ್ಲಿ ಗೆಬ್‌ಹಾರ್ಟ್ ಮೇಲಾ, ಕಾಪ್‌ಸ್ಟಾಡ್ ಮೇಲಾ ಅಂತ ನೀನು ಬರೆದು ಕಳಿಸು. ಜಗಳಕ್ಕೆ ನಾನು ಸಿದ್ಧ.

ನಿನ್ನ,
ಗಿರೀಶ