ಮಾಯೆಯ ಬೆಲೆಗೆ ಕತ್ತರಿ ಬೇಡ

ಮಾನ್ಯ ಸಂಪಾದಕರೇ,

ಫ್ಯಾಂಟಸಿ ಕಾದಂಬರಿಯೊಂದು ಸಿನಿಮಾ ಆದಾಗಲೆಲ್ಲ ಎರಡು ಬಣಗಳು ಎದುರುಬದುರು ನಿಲ್ಲುತ್ತವೆ. ಇಂಥ ಪಾತ್ರ ಎಲ್ಲಿ ಹೋಯಿತು, ಇಂಥ ಅಧ್ಯಾಯ ಏಕಿಲ್ಲ ಎಂದು ಓದುಗರು ಪಟ್ಟಿ ಹಿಡಿದು ಕೇಳುತ್ತಾರೆ. ಸಿನಿಮಾ ಬೇರೆಯದೇ ಮಾಧ್ಯಮ ಎಂದು ಹೇಳಿ ಚಿತ್ರತಂಡ ಜಾರಿಕೊಳ್ಳುತ್ತದೆ. ಈ ಜಗಳದಲ್ಲಿ ಮುಖ್ಯ ಪ್ರಶ್ನೆಯನ್ನೇ ಯಾರೂ ಕೇಳುತ್ತಿಲ್ಲವೆಂಬ ಬೇಸರದಿಂದ ಈ ಪತ್ರ ಬರೆಯುತ್ತಿದ್ದೇನೆ. ಒಳ್ಳೆಯ ಫ್ಯಾಂಟಸಿಯಲ್ಲಿ ಮಾಯೆಗೊಂದು ಕಟ್ಟಳೆ ಇರುತ್ತದೆ. ಅದನ್ನು ಬಳಸಿದವರು ಬೆಲೆ ತೆರುತ್ತಾರೆ. ಸಿನಿಮಾ ಆ ಕಟ್ಟಳೆಯನ್ನು ಉಳಿಸಿಕೊಂಡಿತೇ?

ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಆಧರಿಸಿ ಪೀಟರ್ ಜಾಕ್ಸನ್ 2001ರಿಂದ 2003ರವರೆಗೆ ತೆಗೆದ ಮೂರು ಚಿತ್ರಗಳಲ್ಲಿ ಪುಸ್ತಕದ ಟಾಮ್ ಬಾಂಬಡಿಲ್ ಎಂಬ ಪಾತ್ರ ಇಲ್ಲವೆಂದು ಇಂದಿಗೂ ಗೊಣಗುವವರಿದ್ದಾರೆ. ನನಗೆ ಆ ಕೊರತೆ ಕಾಡಲಿಲ್ಲ. ಅವನಿಲ್ಲದೆಯೂ ಅಧಿಕಾರದ ಆಸೆ ಹುಟ್ಟಿಸಿ ಕೆಡಿಸುವ ಉಂಗುರದ ಸ್ವಭಾವ ಅದೇ ಇದೆ, ಅದನ್ನು ನಾಶಮಾಡಲು ಹೊರಟ ಫ್ರೋಡೊ ಹೊತ್ತ ಭಾರ ಅಷ್ಟೇ ಇದೆ. ಕಾಡಿದ್ದು ಫರಾಮಿರ್ ಎಂಬ ಯೋಧನ ಪಾತ್ರ. ದಾರಿಯಲ್ಲಿ ಬಿದ್ದಿದ್ದರೂ ಆ ಉಂಗುರವನ್ನು ಎತ್ತಿಕೊಳ್ಳೆನು ಎನ್ನುವ ಪುಸ್ತಕದ ಫರಾಮಿರ್, ಚಿತ್ರದಲ್ಲಿ ಫ್ರೋಡೊನನ್ನು ಸೆರೆಯಾಳಾಗಿ ಆಸ್ಗಿಲಿಯಾತ್ ನಗರಕ್ಕೆ ಎಳೆದೊಯ್ಯುತ್ತಾನೆ. ಉಂಗುರದ ಸೆಳೆತಕ್ಕೆ ಯಾರೂ ಸುಲಭವಾಗಿ ಹೊರತಾಗಬಾರದು, ಹಾಗಾದರೆ ಅದರ ಭಯವೇ ಹೋಗುತ್ತದೆ ಎಂಬುದು ಚಿತ್ರಕಥೆಗಾರರ ವಾದ. ವಾದದಲ್ಲಿ ಹುರುಳಿದೆ. ಆದರೂ ಅಧಿಕಾರವನ್ನು ಬಯಸದೇ ಇರಬಲ್ಲ ಮನುಷ್ಯರೂ ಆ ಲೋಕದಲ್ಲಿದ್ದಾರೆ ಎಂಬ ಭರವಸೆಯನ್ನು ಕಳೆದುಕೊಂಡ ನೋವು ನನ್ನಲ್ಲಿ ಉಳಿದಿದೆ.

ಇದಕ್ಕಿಂತ ದೊಡ್ಡ ನಷ್ಟ ಮಿಖಾಯೆಲ್ ಎಂಡೆ ಅವರ 'ದಿ ನೆವರ್‌ಎಂಡಿಂಗ್ ಸ್ಟೋರಿ'ಗೆ ಆಯಿತು. ಜರ್ಮನ್ ಭಾಷೆಯ ಈ ಕಾದಂಬರಿ 1979ರಲ್ಲಿ ಬಂತು, ವೋಲ್ಫ್‌ಗಾಂಗ್ ಪೀಟರ್ಸನ್ ನಿರ್ದೇಶಿಸಿದ ಚಿತ್ರ 1984ರಲ್ಲಿ. ಚಿತ್ರ ಪುಸ್ತಕದ ಸುಮಾರು ಅರ್ಧಕ್ಕೇ ನಿಲ್ಲುತ್ತದೆ. ಉಳಿದರ್ಧದಲ್ಲಿ ಏನಿದೆ? ಬಾಸ್ಟಿಯನ್ ಎಂಬ ಹುಡುಗ ಕಲ್ಪನೆಯ ನಾಡಿಗೆ ಹೋಗಿ ಬೇಕಾದ್ದನ್ನೆಲ್ಲ ಬಯಸುತ್ತಾನೆ, ಬಯಸಿದ್ದೆಲ್ಲ ಕೈಗೂಡುತ್ತದೆ. ಆದರೆ ಈಡೇರಿದ ಆಸೆಗಳು ಒಂದೊಂದಾಗಿ ಅವನ ನೆನಪುಗಳನ್ನು ಕಿತ್ತುಕೊಳ್ಳುತ್ತವೆ. ಕಡೆಕಡೆಗೆ ಅಪ್ಪ ಅಮ್ಮನನ್ನು ಮರೆಯುತ್ತಾನೆ, ತನ್ನ ಹೆಸರನ್ನೂ ಮರೆಯುತ್ತಾನೆ. ಎಲ್ಲ ನೆನಪು ಖರ್ಚು ಮಾಡಿಕೊಂಡವರು ಬುದ್ಧಿಗೆಟ್ಟು ಅಲೆಯುವ ಊರೊಂದನ್ನು ಅವನು ಕಣ್ಣಾರೆ ಕಾಣುತ್ತಾನೆ. ಕಾದಂಬರಿಯ ಜೀವ ಇರುವುದು ಇಲ್ಲಿ. ಚಿತ್ರದಲ್ಲಿ ಇದ್ಯಾವುದೂ ಇಲ್ಲ. ಬಾಸ್ಟಿಯನ್ ಅದೃಷ್ಟದ ಡ್ರ್ಯಾಗನ್ ಏರಿ ನಮ್ಮ ಲೋಕಕ್ಕೆ ಬಂದು, ತನ್ನನ್ನು ಕಾಡಿದ ಹುಡುಗರನ್ನು ಅಟ್ಟಿಸಿಕೊಂಡು ಹೋಗುತ್ತಾನೆ! ಕಲ್ಪನೆಯ ನಾಡನ್ನು ನುಂಗುವ ಶೂನ್ಯದ ಪಾಲಾಗಿ ಮನುಷ್ಯಲೋಕಕ್ಕೆ ಬಂದುಬಿದ್ದ ಕಲ್ಪನೆಯ ಜೀವಿಗಳು ಸುಳ್ಳುಗಳಾಗಿಬಿಡುತ್ತವೆ ಎಂದು ಕಾದಂಬರಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಅಂಥ ಪುಸ್ತಕಕ್ಕೆ ಇಂಥ ಮುಕ್ತಾಯ. ಎಂಡೆ ನ್ಯಾಯಾಲಯದ ಮೆಟ್ಟಿಲೇರಿ ಸೋತರು. ಬೊಂಬೆಗಳೂ ಸೆಟ್‌ಗಳೂ ಎಷ್ಟೇ ಸೊಗಸಾಗಿರಲಿ, ಆ ಲೇಖಕನ ಸಿಟ್ಟು ನ್ಯಾಯವಾದದ್ದೆಂದೇ ನಾನು ನಂಬುತ್ತೇನೆ.

ಫಿಲಿಪ್ ಪುಲ್‌ಮನ್ ಅವರ ಕಾದಂಬರಿಯನ್ನು ಆಧರಿಸಿದ 2007ರ 'ದಿ ಗೋಲ್ಡನ್ ಕಂಪಾಸ್' ಕೂಡ ಹೀಗೆಯೇ ಮೊಟಕಾಯಿತು. ಇನ್ನೊಂದು ಲೋಕದ ಬಾಗಿಲು ತೆರೆಯಲು ಒಂದು ಮಗುವಿನ ಪ್ರಾಣ ಹೋಗುವ ಕೊನೆಯ ಅಧ್ಯಾಯಗಳನ್ನು ಬಿಟ್ಟು, ಚಿತ್ರವನ್ನು ಆಶಾದಾಯಕವಾಗಿ ಮುಗಿಸಿದರು.

ಹಾಗೆಂದು ಪುಸ್ತಕದ ಅಕ್ಷರಕ್ಕೆ ಜೋತುಬೀಳಬೇಕೆಂದು ನಾನು ಹೇಳುತ್ತಿಲ್ಲ. ಡಯಾನಾ ವಿನ್ ಜೋನ್ಸ್ ಅವರ 'ಹೌಲ್ಸ್ ಮೂವಿಂಗ್ ಕ್ಯಾಸಲ್' ಅನ್ನು ಹಯಾವೊ ಮಿಯಾಜಾಕಿ 2004ರಲ್ಲಿ ಅನಿಮೇಷನ್ ಚಿತ್ರ ಮಾಡಿದಾಗ, ಪುಸ್ತಕದ ಅಂಚಿನಲ್ಲಿದ್ದ ಯುದ್ಧವನ್ನು ನಡುವಿಗೆ ತಂದರು, ಕಥೆಯ ದಿಕ್ಕನ್ನೇ ತಿರುಗಿಸಿದರು. ಆದರೆ ಹೌಲ್ ತನ್ನ ಹೃದಯವನ್ನು ಬೆಂಕಿಯ ಭೂತಕ್ಕೆ ಕೊಟ್ಟು ಮಾಡಿಕೊಂಡ ಒಪ್ಪಂದ ಅಲ್ಲಿ ಹಾಗೆಯೇ ಇದೆ, ಅದರಿಂದ ಅವನು ಏನನ್ನು ಕಳೆದುಕೊಂಡ ಎಂಬುದೂ ಇದೆ. ಲೇಖಕಿ ಆ ಚಿತ್ರವನ್ನು ಮೆಚ್ಚಿಕೊಂಡದ್ದು ನನಗೆ ಆಶ್ಚರ್ಯ ತರಲಿಲ್ಲ.

ಸಮಯ ಸಾಲದು ಎಂಬ ಸಬೂಬನ್ನು ನಾನು ಒಪ್ಪಲಾರೆ. 1937ರ 'ದಿ ಹಾಬಿಟ್' ಒಂದೇ ಸಂಪುಟದ ಮಕ್ಕಳ ಕಾದಂಬರಿ. ಅದನ್ನು 2012ರಿಂದ 2014ರವರೆಗೆ ಮೂರು ಚಿತ್ರಗಳಾಗಿ ಹಿಗ್ಗಿಸಿದರು, ಪುಸ್ತಕದಲ್ಲಿಲ್ಲದ ಟೌರಿಯಲ್ ಎಂಬ ಪಾತ್ರವನ್ನೂ ಅದರ ಪ್ರೇಮಕಥೆಯನ್ನೂ ಸೇರಿಸಿದರು. ಸಮಯ ಬೇಕಾದಷ್ಟಿತ್ತು, ಕಥಾನಾಯಕ ಬಿಲ್ಬೊ ಮಾತ್ರ ತನ್ನದೇ ಕಥೆಯಲ್ಲಿ ಬದಿಗೆ ಸರಿದ.

ನಿಮ್ಮ ಸಿನಿಮಾ ಪುಟದ ವಿಮರ್ಶಕರಲ್ಲಿ ನನ್ನದೊಂದು ವಿನಂತಿ. ಇಂಥ ಚಿತ್ರಗಳ ಬಗ್ಗೆ ಬರೆಯುವಾಗ ಗ್ರಾಫಿಕ್ಸ್ ಹೊಗಳಿ, 'ಮೂಲಕ್ಕೆ ಬಹುಮಟ್ಟಿಗೆ ನಿಷ್ಠವಾಗಿದೆ' ಎಂಬ ಒಂದು ಸಾಲಿನಲ್ಲಿ ಮುಗಿಸಬೇಡಿ. ಪುಸ್ತಕ ಓದಿ ಬನ್ನಿ. ಏನನ್ನು ಬಿಟ್ಟರು ಎಂಬುದರ ಜೊತೆಗೆ, ಬಿಟ್ಟದ್ದರಿಂದ ಆ ಲೋಕದ ಯಾವ ಕಟ್ಟಳೆ ಮುರಿಯಿತು, ಯಾವುದು ಉಳಿಯಿತು ಎಂಬುದನ್ನೂ ಬರೆಯಿರಿ.

ಇಂತಿ,
ನಿಮ್ಮ ಪತ್ರಿಕೆಯ ಓದುಗ